ಬಾಗಿಲ ಹೊರಗಿನ ಚಪ್ಪಲಿ

ಜೂನ್ 11
ನೆಲಮಾಳಿಗೆಯ ಸ್ಟುಡಿಯೋದಿಂದ

ಅಮ್ಮ,

ಗಂಟಲಿಗೆ ಕತ್ತರಿ ಬಿದ್ದದ್ದು ನಿನಗೆ, ಶಿಕ್ಷೆ ಮಾತ್ರ ನನಗೆ. "ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ. ಆದ್ದರಿಂದ ನೀನೂ ಫೋನ್ ಮಾಡಬೇಡ. ಇಬ್ಬರೂ ಕಾಗದ ಬರೆಯೋಣ. ಮೆಸೇಜು ಬರವಣಿಗೆಯಲ್ಲ, ಕೆಮ್ಮು" ಎಂದು ಅಪ್ಪಣೆ ಕೊಡಿಸಿದ್ದೀಯ. ಇದು ಯಾವ ನ್ಯಾಯ? ಒಬ್ಬ ಗಲಾಟೆ ಮಾಡಿದರೆ ಇಡೀ ಕ್ಲಾಸನ್ನು ಎದ್ದು ನಿಲ್ಲಿಸುವ ಟೀಚರಮ್ಮನ ನ್ಯಾಯ. ಇಗೋ, ನಿಂತಿದ್ದೇನೆ. ಬರೆಯುತ್ತಿದ್ದೇನೆ.

ನೀನು ಸ್ಲೇಟಿನ ಮೇಲೆ ಬರೆದದ್ದನ್ನು ಮಾವ ಓದಿ ಹೊರಗಿನವರಿಗೆ ಹೇಳುತ್ತಾರಂತೆ. ದೇವರೇ ಗತಿ. ಜೀವಮಾನವೆಲ್ಲ ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಆಗಮನ ನಿರ್ಗಮನ ಕೂಗಿ ನಿವೃತ್ತವಾದ ಗಂಟಲು ಅದು. ಇನ್ನು ನಿನ್ನ ಗುಟ್ಟುಗಳೆಲ್ಲ ಎಲ್ಲ ಪ್ಲಾಟ್‌ಫಾರ್ಮಿಗೂ ಕೇಳಿಸುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಈಗ ಸದ್ದು ಕೂಡಿಸುತ್ತಿರುವುದು ಒಬ್ಬ ಟೀಚರಿನ ಸಿನಿಮಾಕ್ಕೆ. ನಿರ್ದೇಶಕ ಯಾರು ಗೊತ್ತೇ? ನಿನ್ನ ಹಳೆಯ ಶಿಷ್ಯ ಸೀಮೆಸುಣ್ಣ. ಬೋರ್ಡಿನ ಕೆಳಗೆ ಬಿದ್ದ ಚೂರನ್ನೆಲ್ಲ ಬಾಯಿಗೆ ಹಾಕಿಕೊಂಡು ಬೆಳೆದನಲ್ಲ, ಅವನೇ. ಈಗ ಗಡ್ಡ ಬಿಟ್ಟಿದ್ದಾನೆ. "ಇದು ನಮ್ ಟೀಚರ್ ಕಥೆ ಕಣೇ. ಅವರಿಗೆ ಹೇಳ್ಬೇಡ, ಸರ್‌ಪ್ರೈಸು" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಅದಕ್ಕೇ ಹೇಳುತ್ತಿದ್ದೇನೆ.

ಪರದೆಯ ಮೇಲಿನ ನೀನು ಬಹಳ ಸುಂದರಿ. ಊಟ ಮಾಡುವುದಿಲ್ಲ, ಸುಸ್ತಾಗುವುದಿಲ್ಲ, ಉತ್ತರಪತ್ರಿಕೆ ತಿದ್ದುವುದಿಲ್ಲ. ಕಿಟಕಿ ಮುಚ್ಚಿದ್ದರೂ ಅವಳ ಕೂದಲು ಗಾಳಿಗೆ ಹಾರುತ್ತದೆ. ಆ ಗಾಳಿಯ ಸದ್ದು ಹಾಕುವವಳು ನಾನೇ. ಶೂಟಿಂಗಿನಲ್ಲಿ ಸಿಕ್ಕ ಸದ್ದು ಯಾವತ್ತೂ ಸಾಲದು ನೋಡು. ಬಾಗಿಲು, ಪುಟ ತಿರುವುವುದು, ಹೆಜ್ಜೆ, ಎಲ್ಲವನ್ನೂ ಪರದೆ ನೋಡುತ್ತ ಇಲ್ಲಿ ಮತ್ತೆ ಮಾಡುತ್ತೇವೆ. ಹೊರಗಿನ ಲೋಕ ಒಳಗೆ ಬಾರದ ಕೋಣೆ ಇದು. ಕೆಲವೊಮ್ಮೆ ನನಗೇ ಅನುಮಾನ: ಮೇಲೆ ಬೀದಿ ನಿಜವಾಗಿ ಇದೆಯೋ, ಯಾರಾದರೂ ಬೇರೆ ಕೋಣೆಯಲ್ಲಿ ಕೂತು ಅದರ ಸದ್ದು ಮಾಡುತ್ತಿದ್ದಾರೋ.

ಒಂದು ಉಪಕಾರ ಆಗಬೇಕು. ನಿನ್ನ ಹಳೆಯ ಮರದ ಹಿಮ್ಮಡಿಯ ಚಪ್ಪಲಿ ಇವೆಯಲ್ಲ, ಕಾರಿಡಾರಿನ ಆ ತುದಿಯಲ್ಲಿ ಟಕ್ ಅಂದರೆ ಈ ತುದಿಯಲ್ಲಿ ಮಕ್ಕಳು ಪುಸ್ತಕ ತೆಗೆಯುತ್ತಿದ್ದರಂತಲ್ಲ, ಅವನ್ನು ಕಳಿಸು. ನಾಯಕಿಯ ಪ್ರವೇಶಕ್ಕೆ ಅಸಲಿ ಸದ್ದೇ ಇರಲಿ.

ನೀನು ಮಾತಾಡದ ಈ ಕಾಲದಲ್ಲಿ ಲೋಕ ಎಷ್ಟು ಶಾಂತವಾಗಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಬರೆಯುವುದಿಲ್ಲ.

ಎದ್ದು ನಿಂತೇ ಬರೆದ,
ಮಗಳು


ಜೂನ್ 20
ಮಹಡಿಯ ಹಿಂದಿನ ಕೋಣೆ

ನನ್ನ ಕೂಸೇ,

ನಿನ್ನ ಕಾಗದ ತಲುಪಿತು. ಕೆಂಪು ಮಸಿಯಲ್ಲಿ ತಿದ್ದಿ ಇಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ.

ನಿನ್ನ ಮಾವನ ಪ್ರತಾಪ ಕೇಳು. ನಿನ್ನೆ ತರಕಾರಿ ಅಂಗಡಿಯಲ್ಲಿ ನಾನು ಸ್ಲೇಟಿನ ಮೇಲೆ "ಟೊಮೇಟೊ, ಸ್ವಲ್ಪ" ಎಂದು ಬರೆದೆ. ಎರಡೇ ಪದ. ಇವರು ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ. ನನ್ನ ತಂಗಿಯವರಿಗೆ ಟೊಮೇಟೊ ಬೇಕಾಗಿದೆ. ಕೊಳೆತವನ್ನು ಸ್ವೀಕರಿಸಲಾಗುವುದಿಲ್ಲ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಅಂದರು. ಪಕ್ಕದ ಹೆಂಗಸು ತನ್ನ ಚೀಲ ಎತ್ತಿಕೊಂಡು ರೈಲು ಬಂತೇನೋ ಎಂಬಂತೆ ಹಿಂದೆ ಸರಿದಳು.

ಡಾಕ್ಟರು ಇನ್ನೊಂದು ಹೊಸ ನಿಷೇಧ ಹಾಕಿದ್ದಾರೆ. ಪಿಸುಗುಟ್ಟಲೂ ಕೂಡದಂತೆ. ಪಿಸುಮಾತು ಗಂಟಲಿಗೆ ಕೂಗಾಟಕ್ಕಿಂತ ಕೆಟ್ಟದ್ದಂತೆ. ಇದನ್ನು ಕೇಳಿ ನಕ್ಕುಬಿಟ್ಟೆ. ನಗಲೂ ಕೂಡದು ಅಂದರು.

ಯಾಕೆ ನಕ್ಕೆ ಎಂದು ಹೇಳಬೇಕಾದರೆ ಚಪ್ಪಲಿಯ ವಿಷಯಕ್ಕೆ ಬರಬೇಕು. ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ, ಒರೆಸಿ ಇಟ್ಟಿದ್ದೇನೆ. ಆದರೆ ಸೀಮೆಸುಣ್ಣ ಮಾಡುತ್ತಿರುವುದು ಅವನಿದ್ದ ಆ ವರ್ಷದ ಕಥೆಯಾದರೆ, ಇವುಗಳ ಸದ್ದು ಸುಳ್ಳು. ಆ ವರ್ಷ ನಾನು ಚಪ್ಪಲಿಯನ್ನು ತರಗತಿಯ ಬಾಗಿಲ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದೆ.

ಒಬ್ಬ ಹುಡುಗಿ ಇದ್ದಳು. ಬೇಕರಿಯವರ ಮಗಳು. ತಾಯಿ ಇರಲಿಲ್ಲ, ಬೆಳಗಾಗುವ ಮೊದಲೇ ಎದ್ದು ಅಪ್ಪನ ಜೊತೆ ಹಿಟ್ಟು ನಾದಿ, ಬ್ರೆಡ್ಡು ಒಲೆಗೆ ಹಾಕಿ, ಆಮೇಲೆ ಸ್ಕೂಲಿಗೆ ಬರುತ್ತಿದ್ದಳು. ಮೊಣಕೈಯಲ್ಲಿ ಹಿಟ್ಟು ಹಾಗೇ ಇರುತ್ತಿತ್ತು. ಕಿಟಕಿ ಪಕ್ಕ ಕೂತು, ನಾನು ಭೂಪಟ ಬಿಚ್ಚುವಷ್ಟರಲ್ಲಿ ಬೆಂಚಿನ ಮೇಲೆ ತಲೆ ಇಟ್ಟುಬಿಡುತ್ತಿದ್ದಳು. ಲೆಕ್ಕದವರು ಎಬ್ಬಿಸಿ ನಿಲ್ಲಿಸಿದರು, ವಿಜ್ಞಾನದವರು ನೀರು ಚಿಮುಕಿಸಿದರು. ನಿಂತೇ ನಿದ್ದೆ ಮಾಡುವುದನ್ನು ಕಲಿತಳು. ನಾನೂ ಒಮ್ಮೆ ಎಬ್ಬಿಸಲು ಹೋದವಳು, ಆ ಮುಖ ನೋಡಿ ಕೈ ಹಿಂದೆ ತೆಗೆದೆ. ಕ್ಲಾಸಿಗೆ "ಶ್" ಅಂದೆ. ಅಷ್ಟೇ ನಡೆದದ್ದು.

ಮಾರನೆಯ ದಿನದಿಂದ ಅದೇ ಪದ್ಧತಿ. ಅವಳ ತಲೆ ಬೆಂಚು ಮುಟ್ಟಿದೊಡನೆ ಪಾಠ ಪಿಸುಮಾತಿಗೆ ಇಳಿಯುತ್ತಿತ್ತು. ಸುಣ್ಣದ ಕಡ್ಡಿ ಕಿರುಗುಟ್ಟದಿರಲೆಂದು ಒದ್ದೆ ಮಾಡಿ ಬರೆಯುತ್ತಿದ್ದೆ. ಸೀನು ಬಂದವರು ಮೂಗು ಹಿಡಿದು ಕಾರಿಡಾರಿಗೆ ಓಡುತ್ತಿದ್ದರು. ಮಕ್ಕಳು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿ ಬಾಗಿ, ಇಡೀ ಕ್ಲಾಸು ಗಾಳಿಗೆ ವಾಲಿದ ಹುಲ್ಲಿನಂತೆ ಕಾಣುತ್ತಿತ್ತು. ಬಿಸಿಲಲ್ಲಿ ಸುಣ್ಣದ ಧೂಳು ತೇಲುತ್ತಿತ್ತು. ನದಿಗಳೆಲ್ಲ ಆ ವರ್ಷ ಸದ್ದಿಲ್ಲದೆ ಹರಿದವು.

ಒಂದು ಮಧ್ಯಾಹ್ನ ಹೆಡ್‌ಮಾಸ್ತರರು ಹೊರಗೆ ಹಾದುಹೋದರು. ಒಳಗೆ ಸದ್ದಿಲ್ಲ, ಮಕ್ಕಳನ್ನು ಮೈದಾನಕ್ಕೆ ಬಿಟ್ಟಿರಬೇಕೆಂದು ಹೊರಗಿನಿಂದ ಚಿಲಕ ಹಾಕಿ ಹೋಗಿಬಿಟ್ಟರು! ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಕೂತಿದ್ದರೂ ಹೊಳೆಯಲಿಲ್ಲ ಮಹಾನುಭಾವರಿಗೆ. ಕೂಗಿದರೆ ತೆಗೆಯುತ್ತಿದ್ದರು. ಯಾರು ಕೂಗುತ್ತಾರೆ? ಅವಳು ಮಲಗಿದ್ದಾಳಲ್ಲ! ಸುಮ್ಮನೆ ಕೂತೆವು. ಗಂಟೆ ಹೊಡೆದ ಮೇಲೆ ಅವಳೇ ಎದ್ದು ಮೈಮುರಿದು, "ಯಾಕೆ ಎಲ್ರೂ ಇಲ್ಲೇ ಇದ್ದೀರಾ?" ಅಂದಳು.

ಈ ದೃಶ್ಯ ಸಿನಿಮಾದಲ್ಲಿ ಇದೆಯೇ? ಕೊನೆಗೆ ಅವಳನ್ನು ಏನು ಮಾಡಿದ್ದಾನೆ? ಅದನ್ನು ಬರಿ.

ಮೌನವೇ ಆಭರಣವಾಗಿರುವ,
ಅಮ್ಮ


ಜುಲೈ 2

ಅಮ್ಮ,

ನಿನ್ನ ಕಾಗದವನ್ನು ಹೆಡ್‌ಫೋನು ತೆಗೆದಿಟ್ಟು ಓದಿದೆ. ನಾವು ಅದನ್ನು ತೆಗೆಯುವುದು ಮದುವೆ ಮನೆಗೂ ಸಾವಿನ ಮನೆಗೂ ಮಾತ್ರ.

ಮೊದಲು ನನ್ನ ದೂರು ದಾಖಲಾಗಲಿ. ನಿನ್ನ ಪಿಸುಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಸ್ಕೂಲಿನಲ್ಲಿ ಅಷ್ಟೂ ಖರ್ಚಾಗಿ ಮನೆಗೆ ಬರುವಾಗ ಗುಡುಗು ಮಾತ್ರ ಉಳಿದಿರುತ್ತಿತ್ತು. "ಎದ್ದೇಳೇ, ಬಿಸಿಲು ನೆತ್ತಿಗೆ ಬಂತು!" ನೆನಪಿದೆಯಾ? ನನ್ನನ್ನು ಎಬ್ಬಿಸಿದ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಅಳುತ್ತಿತ್ತು. ಒಬ್ಬಳ ನಿದ್ದೆಗೆ ಇಡೀ ಕ್ಲಾಸು ಕಾವಲು, ಇನ್ನೊಬ್ಬಳ ನಿದ್ದೆಗೆ ಕಂಬಳಿ ಕಿತ್ತೆಸೆತ. ಇರಲಿ. ಸಿನಿಮಾದವರು ಇದನ್ನು ತ್ಯಾಗ ಅನ್ನುತ್ತಾರೆ.

ಚಿಲಕದ ದೃಶ್ಯ ಇಲ್ಲ. ಇರುವುದನ್ನು ಹೇಳುತ್ತೇನೆ, ಬೈಯಬೇಡ. ನೀನು ಬೈಯಲಾರೆ ಎನ್ನುವುದೇ ನನ್ನ ಧೈರ್ಯ.

ಹುಡುಗಿ ಮಲಗಿರುತ್ತಾಳೆ. ಹೊರಗೆ ಗುಡುಗು. ನೀನು ಮೇಜು ಗುದ್ದುತ್ತೀಯ. "ಕಣ್ಣು ತೆರೆ ಮಗು! ನಿನ್ನ ನಾಳೆ ನಿನ್ನ ಬಾಗಿಲು ತಟ್ಟುತ್ತಿದೆ!" ಎಂದು ಶುರುವಾಗಿ ಒಂದು ಭಾಷಣ. ಪಿಟೀಲುಗಳು ಹಿಂಡು ಹಿಂಡಾಗಿ ಬರುತ್ತವೆ. ಹುಡುಗಿ ತಲೆ ಎತ್ತುತ್ತಾಳೆ, ಕಣ್ಣೀರು, ಚಪ್ಪಾಳೆ. ಮುಂದಿನ ದೃಶ್ಯದಲ್ಲಿ ದೊಡ್ಡ ಡಾಕ್ಟರಾಗಿ ಕಾರಿನಿಂದ ಇಳಿದು ಬಂದು ನಿನ್ನ ಕಾಲಿಗೆ ಬೀಳುತ್ತಾಳೆ. ಚಪ್ಪಲಿ ಸಮೇತ.

"ಹೀಗೆ ನಡೀತೇನೋ?" ಅಂತ ಸೀಮೆಸುಣ್ಣನನ್ನು ಕೇಳಿದೆ.

"ನಡೀಬೇಕಿತ್ತು" ಅಂದ. "ಟೀಚರ್ ಅಂದ್ರೆ ಎಬ್ಬಿಸೋರು ಕಣೇ. ಅದೇ ಸಿನಿಮಾದ ನೀತಿ. ಮಲಗಿದ್ದೋಳನ್ನ ಮಲಗೋಕೆ ಬಿಟ್ರು ಅಂದ್ರೆ ಜನ ಏನ್ ಕಲಿತಾರೆ?"

ನಿರ್ಮಾಪಕರು ಇನ್ನೂ ಒಂದು ಹೆಜ್ಜೆ ಮುಂದೆ. "ನಿದ್ದೆ ಸೀನ್ ಉದ್ದ ಮಾಡಿದ್ರೆ ಪ್ರೇಕ್ಷಕನೂ ಮಲಗ್ತಾನಮ್ಮ. ಎಬ್ಬಿಸೋಕೆ ನಿಮ್ ಟೀಚರ್ ಥಿಯೇಟರ್‌ಗೆಲ್ಲ ಬರ್ತಾರಾ?"

ನಿಜವಾಗಿ ಅವಳು ಏನಾದಳು ಅಮ್ಮ?

ಚಪ್ಪಲಿ ಬಂದವು. ಹಾಕಿ ನೋಡಿದೆ. ನನ್ನ ಕಾಲಿಗೆ ದೊಡ್ಡವು.

ನಿನ್ನ,
ಎಬ್ಬಿಸಲ್ಪಟ್ಟ ಮಗಳು


ಜುಲೈ 30

ಅಮ್ಮ,

ಕಾಗದವಿಲ್ಲ. ಮಾವನಿಗೆ ಫೋನ್ ಮಾಡಿದರೆ, "ನಿಮ್ಮ ತಾಯಿಯವರ ಪತ್ರ ಅನಿರ್ದಿಷ್ಟ ಕಾಲ ತಡವಾಗಿ ಹೊರಡಲಿದೆ" ಅಂದರು. ಕಿಟಕಿ ಹತ್ತಿರ ಕೂತಿರುತ್ತೀಯಂತೆ. ಏನಾದರೂ ತಪ್ಪು ಬರೆದೆನಾ?

ಮಗಳು


ಆಗಸ್ಟ್ 19

ಮಗಳೇ,

ನಿನ್ನ ತಪ್ಪಿಲ್ಲ. ನೀನು ಒಂದು ಪ್ರಶ್ನೆ ಕೇಳಿದೆ, ನನಗೆ ಉತ್ತರ ಬರಲಿಲ್ಲ. ಉತ್ತರ ಬಾರದ ಮಕ್ಕಳು ಯಾಕೆ ಕಿಟಕಿ ಕಡೆ ನೋಡುತ್ತಾರೆಂದು ಈಗ ಗೊತ್ತಾಯಿತು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಅವಳು ಆ ವರ್ಷದ ಪರೀಕ್ಷೆಯಲ್ಲಿ ಫೇಲಾದಳು. ಎಲ್ಲ ವಿಷಯದಲ್ಲೂ; ನನ್ನದರಲ್ಲೂ. ರಜೆ ಮುಗಿದ ಮೇಲೆ ಬರಲಿಲ್ಲ. ಅವಳಪ್ಪ ಬೇಕರಿ ಖಾಲಿ ಮಾಡಿ ಬೇರೆ ಕಡೆ ಹೋದರಂತೆ. ಕಾರೂ ಇಲ್ಲ, ಡಾಕ್ಟರೂ ಇಲ್ಲ. ಅವಳು ಏನಾದಳು ಎಂದು ನನಗೆ ಗೊತ್ತಿಲ್ಲ.

ಇಷ್ಟು ವರ್ಷ ಆ ತರಗತಿಯನ್ನು ನೆನೆದಾಗಲೆಲ್ಲ ಮನಸ್ಸು ಹಗುರಾಗುತ್ತಿತ್ತು. ಸೀಮೆಸುಣ್ಣನ ಮಾತು ಓದಿದ ಮೇಲೆ ಹಾಗಾಗುತ್ತಿಲ್ಲ. ಟೀಚರ್ ಅಂದರೆ ಎಬ್ಬಿಸುವವರು. ಆ ಪೆದ್ದ ಸರಿಯಾಗಿಯೇ ಹೇಳಿದ್ದಾನೋ ಏನೋ. ಲೆಕ್ಕದವರು, ವಿಜ್ಞಾನದವರು ಬೈದರೂ ನೀರೆರಚಿದರೂ ಅವಳ ಮೇಲೆ ಆಸೆ ಇಟ್ಟುಕೊಂಡಿದ್ದರು ಎಂದಾಯಿತಲ್ಲ? ನಾನು ಕೊಟ್ಟದ್ದು ಕರುಣೆಯೋ, ಅಥವಾ ಈ ಹುಡುಗಿ ಇಷ್ಟೇ ಎಂದು ನಯವಾಗಿ ಕೈಬಿಟ್ಟದ್ದೋ? ಎರಡಕ್ಕೂ ಸದ್ದು ಒಂದೇ ಇರುತ್ತದೆ, ಮಗಳೇ. ನೀನು ಸದ್ದಿನವಳು, ಬೇರೆ ಮಾಡಿ ತೋರಿಸು ನೋಡೋಣ.

ಸಿನಿಮಾದಲ್ಲಿ ಏನು ಬೇಕಾದರೂ ಇರಲಿ. ಅವಳು ಎದ್ದ ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ನಾನಂತೂ ನೋಡಲು ಹೋಗುವುದಿಲ್ಲ.

ಅಣ್ಣ ಬ್ರೆಡ್ಡು ತಂದಿದ್ದರು. ತಿನ್ನಲಾಗಲಿಲ್ಲ.

ಅಮ್ಮ


ಅಕ್ಟೋಬರ್ 3

ಅಮ್ಮ,

ಕೂತುಕೊಂಡು ಓದು. ಪಕ್ಕದಲ್ಲಿ ನೀರು ಇಟ್ಟುಕೋ. ನಿನ್ನ ಮಗಳು ಒಂದು ಘೋರ ಅಪರಾಧ ಮಾಡಿ ಕೆಲಸ ಕಳೆದುಕೊಳ್ಳುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದಾಳೆ.

ನಿನ್ನ ಆಗಸ್ಟಿನ ಕಾಗದ ಬಂದ ಮೇಲೆ ಆ ಭಾಷಣ ಕೇಳಲು ನನಗೆ ಆಗುತ್ತಿರಲಿಲ್ಲ. ನಮ್ಮಲ್ಲಿ ಮಾತು, ಸಂಗೀತ, ಉಳಿದ ಸದ್ದು, ಎಲ್ಲಕ್ಕೂ ಬೇರೆ ಬೇರೆ ಕೊಳಾಯಿ ಇದ್ದ ಹಾಗೆ. ಬೇಡದ್ದನ್ನು ಮುಚ್ಚಿ ಬೇಕಾದ್ದರ ಕೆಲಸ ಮಾಡಬಹುದು. ನಾನು ಭಾಷಣ ಮುಚ್ಚಿದೆ, ಪಿಟೀಲು ಮುಚ್ಚಿದೆ, ಗುಡುಗು ಮುಚ್ಚಿದೆ. ಕೆಳಗೆ ಉಳಿದದ್ದನ್ನೇ ಪ್ರೀತಿಯಿಂದ ಮಾಡುತ್ತ ಕೂತೆ. ಮಲಗಿದ ಮಗುವಿನ ಉಸಿರು. ಅದಕ್ಕೆ ನನ್ನ ಗೆಳತಿಯ ಮಗಳು ಸೋಫಾದ ಮೇಲೆ ಮಲಗಿದ್ದಾಗ ಮೈಕು ಹಿಡಿದು ಕೂತಿದ್ದೆ. ಫ್ಯಾನು. ಒದ್ದೆ ಸುಣ್ಣ ಬೋರ್ಡಿನ ಮೇಲೆ ಜಾರುವುದು. ಬೆಂಚಿನ ಮೇಲೆ ಹಿಟ್ಟು ಉದುರುವುದು. ಹಿಟ್ಟಿಗೆ ಸದ್ದಿದೆ ಅಮ್ಮ, ಬಹಳ ಹತ್ತಿರ ಹೋದರೆ. ಬರಿಗಾಲು.

ಪರಿಚಯದವರಿಗೆಲ್ಲ ಮೊದಲ ಪ್ರದರ್ಶನ ಇತ್ತು. ಸಿನಿಮಾವನ್ನು ಥಿಯೇಟರಿಗೆ ಕಳಿಸಿದೆ. ಆ ದೃಶ್ಯದ ಕೊಳಾಯಿಗಳನ್ನು ಮತ್ತೆ ತೆರೆಯುವುದನ್ನು ಮರೆತು ಕಳಿಸಿದೆ.

ಆ ದೃಶ್ಯ ಬಂತು. ನಾಯಕಿ ಬಾಯಿ ತೆರೆದಳು. ಮಾತಿಲ್ಲ! ಸೀಮೆಸುಣ್ಣ ನನ್ನ ಕೈ ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಇನ್ನೂ ಇದೆ. ಪರದೆಯ ಮೇಲೆ ಅವಳ ತುಟಿ ಮಾತ್ರ ಅಲುಗುತ್ತಿದೆ, ಮಗು ಉಸಿರಾಡುತ್ತಿದೆ. ಆಗ ಮುಂದಿನ ಸಾಲಿನವರು ಮುಂದಕ್ಕೆ ಬಾಗಿದರು. ಅವರ ಹಿಂದಿನ ಸಾಲು ಬಾಗಿತು. ಆಮೇಲೆ ಇಡೀ ಥಿಯೇಟರು ಬಾಗಿತು. ನೀನು ಬರೆದಿದ್ದೆಯಲ್ಲ, ಗಾಳಿಗೆ ವಾಲಿದ ಹುಲ್ಲು, ಥೇಟು ಹಾಗೆ. ಯಾರೋ ಪಾಪ್‌ಕಾರ್ನಿನ ಪೊಟ್ಟಣಕ್ಕೆ ಕೈ ಹಾಕಿದರು. "ಶ್" ಅಂದವರು ಯಾರು ಗೊತ್ತೇ? ನಿರ್ಮಾಪಕರು. ಆಮೇಲೆ ಹೊರಗೆ ಬಂದು, "ನನ್ ದುಡ್ಡಿನ ಡೈಲಾಗು ಕೇಳಿಸ್ತಾನೇ ಇಲ್ಲ, ನಾನೇ ಶ್ ಅಂದೆನಲ್ಲಮ್ಮ" ಎಂದು ತಲೆ ಕೆರೆದುಕೊಂಡರು.

ಸೀಮೆಸುಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಬೈಯುತ್ತಾನೆಂದು ಹೋದರೆ, "ಚಿಲಕ ಹಾಕಿದ್ರಲ್ವಾ ಒಂದ್ಸಲ?" ಅಂದ. "ನಂಗೆ ಅವತ್ತು ಬಾತ್‌ರೂಮಿಗೆ ಹೋಗ್ಬೇಕಿತ್ತು ಕಣೇ. ಪ್ರಾಣ ಹೋಗ್ತಿತ್ತು. ಆದ್ರೂ ಕೂಗ್ಲಿಲ್ಲ. ಅಷ್ಟು ಒಳ್ಳೆಯವನಾಗಿ ನಾನು ಆಮೇಲೆ ಯಾವತ್ತೂ ಇರ್ಲಿಲ್ಲ. ಇದನ್ನ ಬಿಟ್ಟು ಭಾಷಣ ಬರೆದೆನಲ್ಲ."

ಭಾಷಣ ಹೋಯಿತು. ನಾಯಕಿ ಪಿಸುಮಾತಿನಲ್ಲಿ ನದಿಗಳ ಪಾಠ ಮಾಡುತ್ತಾಳೆ. ಚಿಲಕದ ದೃಶ್ಯ ಹೊಸದಾಗಿ ತೆಗೆಯುತ್ತಿದ್ದಾರೆ. ಕಾರು, ಡಾಕ್ಟರು ಬೇಡವೆಂದ. "ಅವಳು ಏನಾದ್ಲು ಅಂತ ಗೊತ್ತಿದ್ರೆ ಅದನ್ನೇ ತೋರಿಸ್ತಿದ್ದೆ. ಗೊತ್ತಿಲ್ದೆ ಇದ್ರೆ ಮಲಗಿರೋ ಹಾಗೇ ಬಿಡ್ತೀನಿ" ಅಂದ. ಸಿನಿಮಾ ನಿಮ್ಮೂರಿಗೆ ಬಂದಾಗ ಟಿಕೆಟು ಕಳಿಸುತ್ತೇನೆ.

ಅಮ್ಮ, ಕರುಣೆಗೂ ಕೈಬಿಡುವುದಕ್ಕೂ ಸದ್ದು ಒಂದೇ ಅಂದೆಯಲ್ಲ. ಅಲ್ಲ. ಕೈಬಿಟ್ಟವರು ಚಪ್ಪಲಿ ತೆಗೆಯುವುದಿಲ್ಲ. ಆದರೆ ನನ್ನ ಮಾತು ನಿನಗೆ ಸಾಲದು, ಗೊತ್ತು. ಹೇಳಬೇಕಾದವಳು ಬೇರೆ. ಹುಡುಕಬಾರದೇ?

ಅಪರಾಧಿ,
ಮಗಳು


ಅಕ್ಟೋಬರ್ 24

ಮಗಳೇ,

ನಾನು ಹುಡುಕಲಿಲ್ಲ. ಧೈರ್ಯ ಬರಲಿಲ್ಲ. ಹುಡುಕಿದವರು ನಿನ್ನ ಮಾವ. ನಿನ್ನ ಕಾಗದವನ್ನು ನಾನು ಮೇಜಿನ ಮೇಲೆ ಬಿಟ್ಟದ್ದೇ ತಪ್ಪಾಯಿತು. ಹಿಟ್ಟಿನ ಮಿಲ್ಲಿಗೆ ಹೋಗಿ, ಬೇಕರಿಯವರೆಲ್ಲ ಮೂಟೆ ಹೊರಿಸುವ ಹೊತ್ತಿನಲ್ಲಿ ನಡುವೆ ನಿಂತು, "ದಯವಿಟ್ಟು ಗಮನಿಸಿ. ಚಿಕ್ಕಂದಿನಲ್ಲಿ ಭೂಗೋಳದ ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದವರು ಯಾರಾದರೂ ಇದ್ದಲ್ಲಿ ಕೂಡಲೇ ಸಂಪರ್ಕಿಸಿ" ಎಂದು ಘೋಷಿಸಿದರಂತೆ. ನೆರೆದವರಲ್ಲಿ ಬಹುಮಂದಿ ಕೈ ಎತ್ತಿದರಂತೆ. ಆದರೂ ವಿಚಾರಿಸಿ ವಿಚಾರಿಸಿ ಪತ್ತೆ ಮಾಡಿದರು. ಹಳೆ ಸೇತುವೆಯ ಆಚೆ ಅವಳದೇ ಬೇಕರಿ ಇದೆ. ಅಪ್ಪ ಈಗಿಲ್ಲ. ಅವಳೇ ಯಜಮಾನಿ.

ಮೊನ್ನೆ ಮಧ್ಯಾಹ್ನ ಒಬ್ಬಳೇ ಹೋದೆ. ಹೋಗಿ ಏನು ಕೇಳಬೇಕೆಂದು ಸ್ಲೇಟಿನಲ್ಲಿ ಬರೆದೂ ಇಟ್ಟುಕೊಂಡಿದ್ದೆ. ಬೀದಿಯ ತುಂಬ ಬೆಂದ ಹಿಟ್ಟಿನ ವಾಸನೆ; ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ. ಅಂಗಡಿಯ ಷಟರು ಅರ್ಧ ಇಳಿಸಿತ್ತು. ಹೊರಗೆ ಸಾಲಾಗಿ ಚಪ್ಪಲಿಗಳು. ಒಳಗೆ ಒಂದು ಸದ್ದೂ ಇಲ್ಲ. ಕಿವಿಗೊಟ್ಟೆ. ಯಾರೂ ಇಲ್ಲ, ಎಲ್ಲೋ ಹೋಗಿದ್ದಾರೆ ಎಂದುಕೊಂಡು ಹಿಂತಿರುಗಿದೆ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಸ್ಲೇಟನ್ನು ದಾರಿಯಲ್ಲೇ ಸೆರಗಿನಿಂದ ಒರೆಸಿಬಿಟ್ಟೆ.

ನೀನು ಕಳಿಸುತ್ತೇನೆಂದ ಟಿಕೆಟುಗಳಲ್ಲಿ ಒಂದನ್ನು ಅವಳಿಗೆ ಕೊಟ್ಟುಬರಲು ಅಣ್ಣನಿಗೆ ಹೇಳಿದ್ದೇನೆ. ನನ್ನ ಪಕ್ಕದ ಸೀಟಿನದು. ನಾನೂ ಹೋಗುತ್ತೇನೆ. ಬಂದರೆ ಬರಲಿ. ಬಾರದಿದ್ದರೆ ಅದೂ ಒಂದು ಉತ್ತರವೇ.

ಆ ಹೊತ್ತಿಗೆ ನಾಲ್ಕು ಮಾತಾಡಬಹುದು ಅಂದಿದ್ದಾರೆ ಡಾಕ್ಟರು. ಮೊದಲ ಮಾತು ಯಾವುದಿರಬೇಕೆಂದು ಗೊತ್ತಿದೆ. ಬಾಯಿಗೆ ಬರುತ್ತದೋ ಇಲ್ಲವೋ.

ನಾಳೆ ಪರೀಕ್ಷೆ ಇರುವ ಮಗುವಿನಂತೆ ಕೂತಿರುವ,
ಅಮ್ಮ


ನವೆಂಬರ್ 28

ಅಮ್ಮ,

ಟಿಕೆಟುಗಳ ಜೊತೆ ಚಪ್ಪಲಿಯನ್ನೂ ಕಳಿಸಿದ್ದೇನೆ. ಒಂದು ಹೆಜ್ಜೆಯ ಸದ್ದಿಗೂ ಬಳಸಲಿಲ್ಲ. ಕೊನೆಯ ದೃಶ್ಯದಲ್ಲಿ ನಾಯಕಿ ಅವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ನಡೆದುಹೋಗುತ್ತಾಳೆ. ಹಿಂದೆ ಹುಡುಗಿ ಮಲಗಿಯೇ ಇರುತ್ತಾಳೆ. ಸಂಗೀತವಿಲ್ಲ. ಅಲ್ಲಿ ನಾನು ಹಾಕಿರುವುದು ಉಸಿರು ಮಾತ್ರ.

ಸೀಮೆಸುಣ್ಣನಿಗೆ ಭಯ. "ಟೀಚರ್ ಏನಂತಾರೆ?" ಎಂದು ಕೇಳುತ್ತಲೇ ಇದ್ದಾನೆ. ಏನೂ ಅನ್ನಲಾರರು, ಗಂಟಲು ಸರಿಯಿಲ್ಲ ಎಂದು ಸಮಾಧಾನ ಹೇಳಿದ್ದೇನೆ.

ಕಣ್ಣು ತೆರೆದೇ ಇಟ್ಟುಕೊಂಡಿರುತ್ತೇನೆ, ಕಾಗದ ಬರುವ ತನಕ.

ಮಗಳು


ಡಿಸೆಂಬರ್ 9
ಮಹಡಿಯ ಹಿಂದಿನ ಕೋಣೆ

ನನ್ನ ಕೂಸೇ,

ನಿನ್ನ ಸಿನಿಮಾ ನೋಡಿದೆ. ಚೆನ್ನಾಗಿದೆ. ನಾನು ಅಷ್ಟು ಸುಂದರಿಯಾಗಿರಲಿಲ್ಲ; ಆದರೆ ಯಾರೂ ಆಕ್ಷೇಪಿಸದಿದ್ದಲ್ಲಿ ನಾನೇಕೆ ಬಾಯಿ ಬಿಡಲಿ?

ಈಗ ನೀನು ಕಾಯುತ್ತಿರುವ ವಿಷಯ.

ಅವಳು ಬಂದಳು. ದೀಪ ಆರುವುದಕ್ಕೆ ಸ್ವಲ್ಪ ಮೊದಲು ಸಾಲಿನೊಳಗೆ ನುಸುಳಿಕೊಂಡು ಬಂದು, "ಟೀಚರ್!" ಎಂದು ನನ್ನ ಎರಡೂ ಕೈ ಹಿಡಿದಳು. ತೋಳು ತುಂಬಿಕೊಂಡ ದೊಡ್ಡ ಹೆಂಗಸು. ಮೊಣಕೈಯಲ್ಲಿ ಹಿಟ್ಟು. ನಾನು ಮೊದಲ ಮಾತಿಗೆ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ದೀಪ ಆರಿತು. ಪರದೆಯ ಮೇಲೆ ಹೆಸರುಗಳು ಬರುತ್ತಿದ್ದವು, ನಿನ್ನದು ಇನ್ನೂ ಬಂದಿರಲಿಲ್ಲ, ನನ್ನ ಭುಜದ ಮೇಲೆ ಏನೋ ಭಾರ ಬಿತ್ತು. ತಿರುಗಿ ನೋಡುತ್ತೇನೆ, ಮಲಗಿಬಿಟ್ಟಿದ್ದಾಳೆ!

ಬೆಳಗಾಗುವ ಮೊದಲೇ ಏಳುವ ಕೆಲಸ ಇನ್ನೂ ಬಿಟ್ಟಿಲ್ಲವಲ್ಲ ಅವಳು.

ಆ ಕಡೆಯಿಂದ ನಿನ್ನ ಮಾವ ಬಗ್ಗಿ ನೋಡಿದರು. ಗಂಟಲು ಸರಿಮಾಡಿಕೊಂಡರು. ನಾನು ಅವರ ಕೈ ಹಿಡಿದು ಒತ್ತಿದೆ. ಆಗ, ಮಗಳೇ, ಲೋಕ ಹುಟ್ಟಿದಾಗಿನಿಂದ ನಡೆಯದ ಒಂದು ಸಂಗತಿ ನಡೆಯಿತು. ನಿನ್ನ ಮಾವ ಪಿಸುಗುಟ್ಟಿದರು. "ದಯವಿಟ್ಟು... ಗಮನಿಸಿ... ಮಲಗಿದ್ದಾರೆ" ಎಂದು ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ತಿರುಗಿ ತಿರುಗಿ ಹೇಳಿದರು. ಎರಡೂ ಸಾಲು ಕಾಲು ಮಡಚಿಕೊಂಡು, ಪೊಟ್ಟಣ ಮಡಚಿಕೊಂಡು ಸುಮ್ಮನಾದವು.

ಹಾಗೇ ನೋಡಿದೆವು. ಪರದೆಯ ಮೇಲೆ ಆ ಪುಟ್ಟ ಹುಡುಗಿ ಮಲಗಿದ್ದಳು, ನನ್ನ ಭುಜದ ಮೇಲೆ ಇವಳು ಮಲಗಿದ್ದಳು. ನಿನ್ನ ನಾಯಕಿ ನದಿಗಳ ಹೆಸರು ಹೇಳುತ್ತಿದ್ದಳು. ಕತ್ತಲಲ್ಲಿ ಉಸಿರು ಕೇಳುತ್ತಿತ್ತು. ಅದು ನೀನು ಹಾಕಿದ್ದೋ, ನನ್ನ ಕಿವಿಯ ಪಕ್ಕದ್ದೋ, ಬಹಳ ಹೊತ್ತು ಗೊತ್ತಾಗಲಿಲ್ಲ. ಆಮೇಲೆ ಗೊತ್ತು ಮಾಡಿಕೊಳ್ಳುವುದನ್ನು ಬಿಟ್ಟೆ.

ದೀಪ ಹತ್ತಿತು. ಜನ ಎದ್ದರು. ಅವಳು ಕಣ್ಣುಜ್ಜಿಕೊಂಡು ಸುತ್ತ ನೋಡಿ, "ಅಯ್ಯೋ! ಮುಗಿದೇ ಹೋಯ್ತಾ? ಚೆನ್ನಾಗಿತ್ತಾ ಟೀಚರ್?" ಅಂದಳು.

ನಾನು ಬಾಯಿ ತೆರೆದೆ. ಎಷ್ಟೋ ತಿಂಗಳ ಮೇಲೆ ಧ್ವನಿ ಬಂತು. ಎಣ್ಣೆ ಕಾಣದ ಬಾಗಿಲಿನ ಹಾಗೆ. "ನಾನು ನಿನ್ನ ಎಬ್ಬಿಸಬೇಕಿತ್ತೇನೇ?"

"ಈಗಲಾ?"

"ಆಗ. ಸ್ಕೂಲಲ್ಲಿ. ಎಬ್ಬಿಸಿದ್ರೆ ಪಾಸಾಗ್ತಿದ್ದೆಯೇನೋ. ಓದ್ತಿದ್ದೆಯೇನೋ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಜೋರಾಗಿ ನಕ್ಕಳು, ಹೊರಗೆ ಹೋಗುತ್ತಿದ್ದವರು ತಿರುಗಿ ನೋಡುವಷ್ಟು. "ನಾನಾ? ಎಚ್ಚರ ಇದ್ದಿದ್ರೂ ಫೇಲೇ ಟೀಚರ್. ಎಬ್ಬಿಸಿದ ಕ್ಲಾಸಲ್ಲೆಲ್ಲ ಪಾಸಾದೆನಾ?" ನಗು ನಿಂತ ಮೇಲೆ ಕೈಯ ಹಿಟ್ಟು ಉದುರಿಸಿಕೊಂಡು ಹೇಳಿದಳು: "ನಿಮ್ ಪಿರಿಯಡ್ ಇಲ್ದೇ ಇದ್ದಿದ್ರೆ ನಾನು ಸ್ಕೂಲಿಗೇ ಬರ್ತಿರ್ಲಿಲ್ಲ. ಬೆಳಿಗ್ಗೆ ಹಿಟ್ಟು, ಸಂಜೆ ಹಿಟ್ಟು. ಮಧ್ಯೆ ಅದೊಂದೇ. ನೀವೇನೋ ಹೇಳ್ತಾ ಇರೋರು, ನೀರು ಹರಿದ ಹಾಗೆ ಕೇಳಿಸೋದು. ಒಂದೂ ನೆನಪಿಲ್ಲ. ಆದ್ರೆ ಈಗ್ಲೂ ಯಾರಾದ್ರೂ ಯಾವ್ದಾದ್ರೂ ನದಿ ಹೆಸರು ಹೇಳಿದ್ರೆ ಸಾಕು, ನಂಗೆ ಆಕಳಿಕೆ ಬರುತ್ತೆ."

ಭೂಗೋಳದ ಟೀಚರಿಗೆ ಯಾವ ಶಿಷ್ಯರೂ ಇಂಥ ಗೌರವ ಸಲ್ಲಿಸಿರಲಾರರು.

ಎದ್ದು ಹೊರಡುವಾಗ ತಿರುಗಿ ಅಂದಳು: "ಒಂದಿನ ಅಂಗಡಿಗೆ ಬನ್ನಿ ಟೀಚರ್. ಮಧ್ಯಾಹ್ನ ಬಂದ್ರೆ ಮಾತ್ರ ಚಪ್ಪಲಿ ಹೊರಗೆ ಬಿಟ್ಟು, ಷಟರ್ ಬಗ್ಗಿ ಒಳಗೆ ಬರ್ಬೇಕು, ಮೆಲ್ಲಗೆ. ಆ ಹೊತ್ತಲ್ಲಿ ನಮ್ ಕೆಲಸದವರು ಮಲಗಿರ್ತಾರೆ. ಎಚ್ಚರ ಇರೋರು ಪಿಸುಮಾತೇ ಆಡ್ಬೇಕು. ನಮ್ಮಲ್ಲಿ ರೂಲು ಅದು. ಅಪ್ಪ ಹೋದ ದಿನದಿಂದ ನಾನೇ ಮಾಡಿದ್ದು."

ಆಗ ನನಗೆ ಆ ಸಾಲು ಚಪ್ಪಲಿ ನೆನಪಾಯಿತು. ಇಷ್ಟು ವರ್ಷ ಹೆಡ್‌ಮಾಸ್ತರರನ್ನು ನೆನೆದು ನಕ್ಕವಳು ನಾನು. ಅದೇ ಬಾಗಿಲಲ್ಲಿ ನಿಂತು, ಅದೇ ಚಪ್ಪಲಿ ನೋಡಿ, ಒಳಗೆ ಯಾರೂ ಇಲ್ಲ ಎಂದುಕೊಂಡು ಬಂದೆ. ಚಿಲಕ ಹಾಕಲಿಲ್ಲ, ಅಷ್ಟೇ ಪುಣ್ಯ.

ಅವಳು ಹೋದ ಮೇಲೂ ನಾನು ಏಳಲಿಲ್ಲ. ಭುಜ ಜೋಮು ಹಿಡಿದಿತ್ತು. ಅದು ಬಿಡುವುದು ಬೇಡ ಅನಿಸಿತು. ಆಮೇಲೆ ಅಣ್ಣನ ಜೊತೆ ನಡೆದುಕೊಂಡು ಮನೆಗೆ ಬಂದೆ. ಮೆಟ್ಟಿಲು ಹತ್ತುವಾಗ ಅಣ್ಣ ನನ್ನ ಕಾಲು ನೋಡಿ ನಿಂತರು. ಬರಿಗಾಲು. ಅವಳ ತಲೆ ನನ್ನ ಭುಜಕ್ಕೆ ತಾಗಿದಾಗ ಕಾಲು ತಾನಾಗಿ ಆ ಮರದ ಹಿಮ್ಮಡಿಯ ಚಪ್ಪಲಿಯಿಂದ ಹೊರಗೆ ಬಂದಿರಬೇಕು. ಸೀಟಿನ ಕೆಳಗೇ ಉಳಿದಿವೆ.

"ತರ್ತೀನಿ ತಡಿ" ಎಂದು ಹೊರಟರು.

"ಬೇಡ, ಇರಲಿ" ಅಂದೆ. ಸ್ಲೇಟಿನಲ್ಲಲ್ಲ.

ಸೀಮೆಸುಣ್ಣನಿಗೆ ಹೇಳು, ಟೀಚರ್ ಏನೂ ಅನ್ನಲಿಲ್ಲವೆಂದು. ಅವನಿಗೆ ಅರ್ಥವಾಗುತ್ತದೆ.

ಇನ್ನು ನಿನ್ನ ದೂರಿನ ವಿಚಾರ. ದಾಖಲಾಗಿದೆ, ವಿಚಾರಣೆ ಮುಗಿದಿದೆ, ತೀರ್ಪು ನಿನ್ನ ಕಡೆಗೇ. ಭಾನುವಾರ ನೀನು ಫೋನ್ ಮಾಡಬಹುದು. ಡಾಕ್ಟರು ಮೆಲ್ಲನೆಯ ಮಾತಿಗೆ ಅನುಮತಿ ಕೊಟ್ಟಿದ್ದಾರೆ. ನೀನು ಹಾಸಿಗೆಯಿಂದ ಏಳಬೇಡ, ಕಣ್ಣೂ ತೆರೆಯಬೇಡ. ಫೋನನ್ನು ಕಿವಿಯ ಹತ್ತಿರ ಇಟ್ಟುಕೋ. ಪಕ್ಕದ ಮನೆಯ ಮಗುವಿಗೆ ಕೇಳಿಸದ ಹಾಗೆ ಮಾತಾಡುತ್ತೇನೆ. ನದಿಗಳಿಂದ ಶುರು ಮಾಡುತ್ತೇನೆ.

ಮಲಗು.

ಅಮ್ಮ